ತಾತ್ಕಾಲಿಕ ಹಲ್ಲು, ಹದಿನಾಲ್ಕು ಸಾವಿರ

ಮಾರ್ಚ್ 4, ಸೋಮವಾರ

ಇದು ಅಂಗಡಿಯ ಹಳೆಯ ರಿಪೇರಿ ಪುಸ್ತಕ. ಮುಂದಿನಿಂದ ತೆರೆದರೆ ಗಿರಾಕಿಗಳ ತಕ್ಕಡಿಗಳು, ಹಿಂದಿನಿಂದ ತೆರೆದರೆ ಇನ್ನು ಮೇಲೆ ನನ್ನ ಬಾಯಿ. ಹಲ್ಲಿನ ಡಾಕ್ಟರಮ್ಮ ಹೇಳಿದ ಅಂಕಿಗಳನ್ನು ಮರೆಯುವ ಮುಂಚೆ ಬರೆದಿಡೋಣವೆಂದು ಕೂತಿದ್ದೇನೆ.

ಉಳಿದಿರುವುದು ಒಂಬತ್ತು ಹಲ್ಲು. ಒಂಬತ್ತೂ ಅಲ್ಲಾಡುತ್ತಿವೆ. ಉಳಿಸಿಕೊಳ್ಳಲು ಒದ್ದಾಡುವುದರಲ್ಲಿ ಅರ್ಥವಿಲ್ಲ ಎಂದರು ಡಾಕ್ಟರಮ್ಮ. ನನ್ನ ಮಗಳ ವಯಸ್ಸಿನವರು. ಕೆಟ್ಟ ಸುದ್ದಿಯನ್ನು ಸುತ್ತಿ ಬಳಸದೆ ಹೇಳುತ್ತಾರೆ, ಅದು ನನಗೆ ಹಿಡಿಸಿತು. "ಎಲ್ಲಾ ಸೇರಿ ನಲವತ್ತೆಂಟು ಸಾವಿರದ ಎಂಟುನೂರು ಆಗುತ್ತೆ" ಎಂದರು. "ಬಿಡಿಸಿ ಹೇಳಿ" ಎಂದೆ. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನಿಗೆ ಒಟ್ಟು ತೂಕ ಹೇಳಿದರೆ ಸಾಲದು, ತೂಕದ ಬಟ್ಟುಗಳನ್ನು ಒಂದೊಂದಾಗಿ ತೆಗೆದಿಡಬೇಕು.

ಅವರು ಬೇಸರಿಸಿಕೊಳ್ಳದೆ ಅಂದಾಜು ಪಟ್ಟಿಯನ್ನು ಅಚ್ಚು ಹಾಕಿಸಿ ಕೊಟ್ಟರು. ಕೀಳಲು ಹಲ್ಲೊಂದಕ್ಕೆ ಎಂಟುನೂರು, ಒಂಬತ್ತಕ್ಕೆ ಏಳು ಸಾವಿರದ ಇನ್ನೂರು. ಕಿತ್ತ ಮೇಲೆ ಮೂಳೆಯ ಏರುಪೇರು ಸಮ ಮಾಡಲು ಮೂರು ಸಾವಿರ. ಎಕ್ಸ್‌ರೇ ಆರುನೂರು. ಕಾಯಂ ಸೆಟ್ಟು ಇಪ್ಪತ್ತನಾಲ್ಕು ಸಾವಿರ. ಆದರೆ ಕಾಯಂ ಸೆಟ್ಟನ್ನು ತಕ್ಷಣ ಮಾಡುವ ಹಾಗಿಲ್ಲವಂತೆ. ವಸಡು ಮಾಗಿ, ಕುಗ್ಗಿ, ಒಂದು ಆಕಾರಕ್ಕೆ ಬರಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬಾಯಿ ಖಾಲಿ ಇರಬಾರದೆಂದರೆ ಕಿತ್ತ ದಿನವೇ ತಾತ್ಕಾಲಿಕ ಸೆಟ್ಟು ಕೂರಿಸುತ್ತಾರೆ. ಅದಕ್ಕೆ ಹದಿನಾಲ್ಕು ಸಾವಿರ. ದವಡೆಗೆ ತಿರುಪು ಹಾಕಿ ಅಲ್ಲಾಡದ ಹಾಗೆ ಕೂರಿಸುವುದೂ ಉಂಟಂತೆ. ಅದರ ಬೆಲೆ ಕೇಳಿದ ಮೇಲೆ ಅದರ ಮಾತೆತ್ತಲಿಲ್ಲ.

ಎರಡು ವರ್ಷದಿಂದ ಹಲ್ಲಿಗೆಂದೇ ಕೂಡಿಟ್ಟಿರುವುದು ಮೂವತ್ತೈದು ಸಾವಿರ.

ಮಾರ್ಚ್ 7, ಗುರುವಾರ

ಪಕ್ಕದ ಅಂಗಡಿಯ ಬೀಗದವನನ್ನು ಕೇಳಿದೆ. ಅವನು ಅರ್ಧ ಬೆಲೆಗೆ ಎಲ್ಲೋ ಮಾಡಿಸಿಕೊಂಡ ಸೆಟ್ಟು ಸದಾ ಅಂಗಿಯ ಜೇಬಿನಲ್ಲಿರುತ್ತದೆ. ಫೋಟೋ ತೆಗೆಯುವಾಗ ಮಾತ್ರ ಬಾಯಿಗೆ ಹೋಗುತ್ತದೆ. "ಹಾಕ್ಕೊಂಡ್ರೆ ಊಟ ಮಾಡಕ್ಕಾಗಲ್ಲ, ತೆಗೆದ್ರೆ ಮುಖ ತೋರ್ಸಕ್ಕಾಗಲ್ಲ. ಅಗ್ಗ ಅಂತ ಹೋಗಿ ಕೈ ಸುಟ್ಕೊಂಡೆ ಮಾರಾಯ" ಎಂದ. ಹಾಗಾಗಿ ಕಾಯಂ ಸೆಟ್ಟಿನಲ್ಲಿ ಜಿಪುಣತನ ಬೇಡವೆಂದು ತೀರ್ಮಾನಿಸಿದೆ.

ಬಿಡಬೇಕಾದದ್ದು ತಾತ್ಕಾಲಿಕವನ್ನು. ಮೂರು ತಿಂಗಳಿಗೆ ಹದಿನಾಲ್ಕು ಸಾವಿರ, ಆಮೇಲೆ ಅದನ್ನು ಎಸೆಯುವುದು. ಹಾಲು, ಗಂಜಿ, ನೆನೆಸಿದ ಬ್ರೆಡ್ಡು ತಿಂದುಕೊಂಡು ಮೂರು ತಿಂಗಳು ಕಳೆಯಲಾರದಷ್ಟು ನಾಜೂಕಿನವನೇನಲ್ಲ ನಾನು. ತಾತ್ಕಾಲಿಕ ಬಿಟ್ಟರೆ ಒಟ್ಟು ಮೂವತ್ನಾಲ್ಕು ಸಾವಿರದ ಎಂಟುನೂರು. ಇನ್ನೂರು ಕೈಯಲ್ಲೇ ಉಳಿಯುತ್ತದೆ. ಸೆಟ್ಟು ಐದು ವರ್ಷ ಬಾಳಿದರೆ ದಿನಕ್ಕೆ ಹತ್ತೊಂಬತ್ತು ಬಿತ್ತು. ಪರವಾಗಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕಿಟಕಿಯ ಹತ್ತಿರ ಟೈಲರ್‌ಗಳ ಅಂಗಿಗಳಿಗೆ ಗುಂಡಿ ಕಾಜ ಹಾಕುತ್ತಾ ಕೂತಿದ್ದವಳು ಸೂಜಿ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಮೂರು ತಿಂಗಳೂ ಬೊಚ್ಚು ಬಾಯಾ?"

"ಹೂಂ. ಏನೀಗ?"

"ಹಾಕಿಸ್ಕೊಳ್ರೀ. ಕಾಜದ ದುಡ್ಡು ನನ್ನ ಹತ್ರ ಸ್ವಲ್ಪ ಇದೆ, ಕೊಡ್ತೀನಿ."

ಬೇಡವೆಂದೆ. ಮತ್ತೆ ಹೇಳಿದಳು. ಮೂರನೆಯ ಸಲವೂ ಹೇಳಿದಾಗ ರೇಗಿಬಿಟ್ಟೆ. ಬೊಚ್ಚು ಬಾಯಿಯ ಗಂಡನ ಜೊತೆ ನಾಲ್ಕು ಜನರ ಮುಂದೆ ಓಡಾಡಲು ಅವಳಿಗೆ ನಾಚಿಕೆ, ಬೇರೆ ಏನೂ ಇಲ್ಲ. ಅರವತ್ತು ದಾಟಿದ ಮೇಲೂ ಹೆಂಗಸರಿಗೆ ಅಂದಚಂದದ್ದೇ ಚಿಂತೆ.

ಮಾರ್ಚ್ 19, ಮಂಗಳವಾರ

ಒಂಬತ್ತೂ ಹೋದವು. ಹತ್ತಿ ಕಚ್ಚಿಕೊಂಡಿದ್ದೇನೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ 24, ಭಾನುವಾರ

ಇವತ್ತು ಕನ್ನಡಿ ನೋಡಿಕೊಂಡೆ. ಮೂಗು ಕೆಳಗಿಳಿದಿದೆ, ಗಲ್ಲ ಮೇಲೇರಿದೆ, ನಡುವೆ ಇದ್ದ ತುಟಿ ಎರಡೂ ಒಳಗೆ ಹೋಗಿ ಅವಿತುಕೊಂಡಿವೆ. ಅಪ್ಪ ಸಾಯುವ ವರ್ಷ ಹೀಗೇ ಕಾಣುತ್ತಿದ್ದ.

ನೋವು ಅಷ್ಟಿಲ್ಲ. ಮಾತು ಮಾತ್ರ ಪುಸಪುಸ ಎನ್ನುತ್ತದೆ. ಗಿರಾಕಿಗಳು ಎರಡು ಸಲ ಕೇಳುತ್ತಾರೆ, ಆದರೆ ಅರ್ಥ ಮಾಡಿಕೊಳ್ಳುತ್ತಾರೆ. ಇವಳು ನಾಲ್ಕು ಸಲ ಹೇಳಿದರೂ ಪಿಳಿಪಿಳಿ ನೋಡುತ್ತಾಳೆ. ಗಂಜಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಇನ್ನೊಂದು ಸೌಟು ಗಂಜಿ ಹಾಕಿದಳು. ತಾತ್ಕಾಲಿಕ ಸೆಟ್ಟು ಬೇಡವೆಂದದ್ದಕ್ಕೆ ಇನ್ನೂ ಮುನಿಸು ಇರಬೇಕು. ಇರಲಿ, ನಾನೂ ಹೇಳುವುದನ್ನು ನಿಲ್ಲಿಸಿದೆ.

ಏಪ್ರಿಲ್ 9, ಮಂಗಳವಾರ

ಮನೆ ತಣ್ಣಗಿದೆ. ಮೊದಲು ಅಂಗಡಿಯಿಂದ ಬಂದ ಕೂಡಲೇ ಇವಳದ್ದು ಶುರುವಾಗುತ್ತಿತ್ತು. ಯಾರು ಬಂದರು, ಯಾರು ಹೋದರು, ಯಾವ ಟೈಲರ್ ಎಷ್ಟು ಬಾಕಿ ಉಳಿಸಿಕೊಂಡ. ಈಗ ಬಡಿಸುತ್ತಾಳೆ, ತಟ್ಟೆ ತೊಳೆಯುತ್ತಾಳೆ, ಕಿಟಕಿಯ ಹತ್ತಿರ ಕೂರುತ್ತಾಳೆ. ಕಿವಿ ಮಂದವಾದಾಗಿನಿಂದ, ಮಷಿನ್ನು ಹಾಕಿಸಿದ ಮೇಲೂ, ಅವಳ ದನಿ ಏರಿತ್ತು, ಅಕ್ಕಪಕ್ಕದವರಿಗೆಲ್ಲ ನಮ್ಮ ಮನೆಯ ವಿಷಯ ಕೇಳುತ್ತಿತ್ತು. ಆ ಕಾಟವೂ ಇಲ್ಲ. ನೆಮ್ಮದಿಯಾಗಿದೆ ಎಂದು ಬರೆಯಬೇಕು ಎಂದುಕೊಂಡೆ. ಬರೆದ ಮೇಲೆ ಯಾಕೋ ಅದು ಸರಿ ಕಾಣುತ್ತಿಲ್ಲ.

ಗಂಜಿ ಕಂಡರೆ ವಾಕರಿಕೆ.

ಏಪ್ರಿಲ್ 28, ಭಾನುವಾರ

ಮಗಳು ಬಂದಿದ್ದಳು, ಮೊಮ್ಮಗಳನ್ನು ಕರೆದುಕೊಂಡು. ಕೂಸಿಗೆ ಎರಡೂವರೆ ವರ್ಷ. ನನ್ನ ಬಾಯಿ ನೋಡಿ ಬೆರಳು ಹಾಕಲು ಬಂದಳು, ಹಲ್ಲು ಎಲ್ಲಿ ಹೋಯಿತು ಎಂದು ಮಂಚದ ಕೆಳಗೆ ಹುಡುಕಿದಳು. ಬಹಳ ದಿನದ ಮೇಲೆ ನಕ್ಕೆ.

ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಇವಳು ಮಗಳ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ. ಮಗಳು ಎದುರು ಕೂತು ಏನೋ ಹೇಳುವುದು, ಇವಳು ತಕ್ಕ ಉತ್ತರ ಕೊಡುವುದು, ಇಬ್ಬರೂ ನಗುವುದು. ಅಂದರೆ ಕಿವಿ ಕೇಳುತ್ತದೆ. ನಾನು ಹೇಳಿದ್ದು ಮಾತ್ರ ಕೇಳುವುದಿಲ್ಲ. ನಾಲ್ಕು ಮಾತು ಬೈಯಲಿ, ತಡೆದುಕೊಳ್ಳುತ್ತೇನೆ. ಹೀಗೆ ಇದ್ದೂ ಇಲ್ಲದವನ ಹಾಗೆ ಮಾಡುವುದು ಯಾವ ನ್ಯಾಯ?

ಹೊರಡುವಾಗ ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಅಮ್ಮನ ಮೇಲೆ ಏನಾದ್ರೂ ಸಿಟ್ಟಾ?" ಎಂದಳು.

"ನನಗೇನು ಸಿಟ್ಟು? ಅವಳನ್ನ ಕೇಳು."

"ಕೇಳಿದೆ. 'ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ' ಅಂತಾರೆ."

ಯಾರು ಯಾರ ಜೊತೆ ಮಾತು ಬಿಟ್ಟದ್ದು? ಮೈಯೆಲ್ಲ ಉರಿಯಿತು. ಕೂಸಿನ ಮುಂದೆ ಬೇಡವೆಂದು ನುಂಗಿಕೊಂಡೆ.

ಮೇ 20, ಸೋಮವಾರ

ಇದನ್ನು ಸರಿಯಾಗಿ ಬರೆಯಬೇಕು.

ಇವಳ ಕಿವಿಯ ಮಷಿನ್ನೇ ಕೆಟ್ಟಿರಬಹುದೆಂದು ಬೆಳಿಗ್ಗೆ ತಲೆಗೆ ಹೊಳೆಯಿತು. ಊರಿನವರ ಯಂತ್ರಗಳನ್ನೆಲ್ಲ ಬಿಚ್ಚಿ ನೋಡುವವನು ಮನೆಯದ್ದನ್ನು ನೋಡಿರಲಿಲ್ಲ. ಮೂರು ವರ್ಷದ ಹಿಂದೆ ಐವತ್ತೆರಡು ಸಾವಿರ ಕೊಟ್ಟು ತಂದದ್ದು. ಇವಳು ಸ್ನಾನಕ್ಕೆ ಹೋದಾಗ ತೆಗೆದು ಮುಚ್ಚಳ ಬಿಚ್ಚಿದೆ. ಒಳಗೆ ಸೆಲ್ಲಿನ ಸುತ್ತ ಹಸಿರು ಪಾಚಿಯ ಹಾಗೆ ಕಿಲುಬು. ತಿಂಗಳೆರಡು ತಿಂಗಳದ್ದಲ್ಲ, ವರ್ಷದ ಮೇಲಿನ ಕಿಲುಬು. ನಾನು ತಂದುಕೊಟ್ಟ ಸೆಲ್ಲುಗಳು ಪೊಟ್ಟಣದಲ್ಲೇ ಸಾಲಾಗಿ ಕೂತಿದ್ದವು.

ಅವಳು ಬಂದಾಗ ಮಷಿನ್ನು ನನ್ನ ಅಂಗೈ ಮೇಲಿತ್ತು. ನೋಡಿದವಳು ಸ್ಟೂಲಿನ ಮೇಲೆ ಕೂತಳು.

"ಅದು ಮೊದಲಿಂದಲೂ ನನಗೆ ಆಗಲಿಲ್ಲ" ಎಂದಳು. "ಬರೀ ಗದ್ದಲ ಕೇಳೋದು, ಮಾತು ಕೇಳ್ತಿರಲಿಲ್ಲ. ಒಂದು ವರ್ಷ ಸುಮ್ನೆ ಸಿಗಿಸ್ಕೊಂಡೆ. ಆಮೇಲೆ ಆ ಗದ್ದಲಾನೂ ಹೋಯ್ತು."

ಹಾಗಾದರೆ ಇಷ್ಟು ದಿನ ಹೇಗೆ ಮಾತಾಡಿದೆ ಎಂದು ಕೇಳಿದೆ. ಅವಳು ನನ್ನ ಬಾಯನ್ನೇ ನೋಡಿದಳು, ತಲೆ ಅಲ್ಲಾಡಿಸಿದಳು. ಮತ್ತೆ ಕೇಳಿದೆ. ಮೂರನೆಯ ಸಲ ಕೂಗಿದೆ. ಕೊನೆಗೆ ರಿಪೇರಿ ಚೀಟಿಯ ಹಿಂದೆ ಬರೆದು ತೋರಿಸಿದೆ.

"ನಿಮ್ಮ ಬಾಯಿ ನೋಡಿ" ಎಂದಳು. "ಮೂವತ್ತೆಂಟು ವರ್ಷದಿಂದ ನೋಡ್ತಿರೋ ಬಾಯಿ. ಬೇರೆಯವರದ್ದು ಅರ್ಧ ತಿಳಿಯುತ್ತೆ, ಮಗಳದ್ದು ಮುಕ್ಕಾಲು. ನಿಮ್ಮದು ಪೂರ್ತಿ ತಿಳೀತಿತ್ತು. ಹಲ್ಲು ಹೋದ ಮೇಲೆ ತುಟಿ ಒಳಗೆ ಹೋಯ್ತು. ಈಗ ಒಂದು ಅಕ್ಷರಾನೂ ಗೊತ್ತಾಗ್ತಿಲ್ಲ. ಆಮೇಲೆ ನೀವು ತುಟಿ ಅಲ್ಲಾಡಿಸೋದನ್ನೂ ಬಿಟ್ಬಿಟ್ರಿ."

ಯಾಕೆ ಹೇಳಲಿಲ್ಲ ಎಂದು ಬರೆದೆ.

"ಮನೆಗೆ ಬಂದೋರಿಗೆಲ್ಲ ಐವತ್ತೆರಡು ಸಾವಿರ, ಐವತ್ತೆರಡು ಸಾವಿರ ಅಂತ ಹೇಳ್ತಿದ್ರಿ. ಅದು ಕೆಲಸಕ್ಕೆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

ಅಂಗಡಿ ತೆರೆಯಲಿಲ್ಲ. ಅವಳು ಮೂರು ಸಲ ಕೇಳಿಕೊಂಡಿದ್ದಳು, ತನ್ನ ಕಾಜದ ದುಡ್ಡು ಕೊಡುತ್ತೇನೆ ಎಂದಿದ್ದಳು. ನಾಚಿಕೆ ಎಂದುಕೊಂಡೆ. ಎರಡು ತಿಂಗಳಿಂದ ಈ ಮನೆಯಲ್ಲಿ ಅವಳು ಯಾರೂ ಇಲ್ಲದವಳ ಹಾಗೆ ಇದ್ದಳು, ನಾನು ಅದನ್ನು ನೆಮ್ಮದಿ ಎಂದು ಬರೆದಿದ್ದೇನೆ. ಆ ಹಾಳೆ ಹರಿಯಬೇಕೆನಿಸಿತು. ಹರಿಯಲಿಲ್ಲ, ಇರಲಿ.

ಮೇ 22, ಬುಧವಾರ

ಡಾಕ್ಟರಮ್ಮನ ಹತ್ತಿರ ಓಡಿದೆ. ತಾತ್ಕಾಲಿಕ ಸೆಟ್ಟು ಈಗಲೇ ಹಾಕಿ, ಹದಿನಾಲ್ಕು ಸಾವಿರ ಹೇಗಾದರೂ ಹೊಂದಿಸುತ್ತೇನೆ ಎಂದೆ. ಅವರು ಬಾಯಿ ನೋಡಿ, "ಈಗ ಅದಕ್ಕೆ ದುಡ್ಡು ಹಾಕೋದು ದಂಡ. ಅದು ಕೈಗೆ ಬರೋ ಹೊತ್ತಿಗೆ ಕಾಯಂ ಸೆಟ್ಟಿಗೇ ಅಳತೆ ತಗೋಬಹುದು. ಆಗ ನಾನು ಹೇಳಿದ್ನಲ್ಲ?" ಎಂದರು.

"ಹೇಳಿದ್ರಿ. ಊಟಕ್ಕೆ ಅಂದುಕೊಂಡೆ."

ವಿಷಯ ಹೇಳಿದೆ. ಅವರು ಮಾಸ್ಕು ಕೆಳಗಿಳಿಸಿ ಕುರ್ಚಿ ಹತ್ತಿರ ಎಳೆದುಕೊಂಡರು. ಹದಿನಾಲ್ಕು ಸಾವಿರ ಹೆಚ್ಚು ಕೊಟ್ಟು ಮೇಲಿನ ದರ್ಜೆಯ ಸೆಟ್ಟು ಮಾಡಿಸಲೇ ಎಂದು ಕೇಳಿದರೆ ಅದೂ ಬೇಡವಂತೆ. ತುಟಿಯನ್ನು ಹೊರಗೆ ತರುವುದು ಹಲ್ಲಿನ ದರ್ಜೆಯಲ್ಲ, ಅದನ್ನು ಎಷ್ಟು ಮುಂದೆ, ಎಷ್ಟು ಎತ್ತರಕ್ಕೆ ಜೋಡಿಸುತ್ತಾರೆ ಅನ್ನುವುದು. "ಹಲ್ಲು ಇದ್ದಾಗಿನ ಫೋಟೋ ತನ್ನಿ. ಮೇಣದಲ್ಲಿ ಜೋಡಿಸಿ ನೋಡೋ ದಿನ ಮನೆಯವರನ್ನೂ ಕರ್ಕೊಂಡು ಬನ್ನಿ. ಅದಕ್ಕೇನೂ ಬೇರೆ ದುಡ್ಡಿಲ್ಲ."

ಮನೆಯಲ್ಲಿ ಹುಡುಕಿದರೆ ಹನ್ನೊಂದು ಫೋಟೋ ಸಿಕ್ಕಿದವು. ಹನ್ನೊಂದರಲ್ಲೂ ಬಾಯಿ ಮುಚ್ಚಿಕೊಂಡು ಗಂಟುಮುಖ ಹಾಕಿಕೊಂಡಿದ್ದೇನೆ.

ಜೂನ್ 9, ಭಾನುವಾರ

ಚೀಟಿ ಬರೆದು ತೋರಿಸುತ್ತಿದ್ದೇನೆ. "ಹಾಲು ಸಾಕು." "ನಾಳೆ ತಡ." "ಕರೆಂಟ್ ಬಿಲ್ ಕಟ್ಟಿದೆ." ಇವತ್ತು ಇವಳು ಅವನ್ನೆಲ್ಲ ಕೂಡಿಸಿ ನನ್ನ ಮುಂದಿಟ್ಟಳು.

"ನಿಮ್ಮ ಚೀಟಿ ಓದಿದ್ರೆ ಅಂಗಡಿ ರಸೀದಿ ಓದಿದ ಹಾಗಿರುತ್ತೆ. ಒಂದರಲ್ಲೂ ನೀವಿಲ್ಲ."

ಬಾಯಲ್ಲಿ ಹೇಳುವಾಗಲೂ ಇಷ್ಟೇ ತಾನೇ ಹೇಳುತ್ತಿದ್ದದ್ದು ಎಂದು ಬರೆದೆ.

"ಮಾತು ಅಷ್ಟೇ. ಆದ್ರೆ ಹೇಳುವಾಗ ಮುಖ ಇರ್ತಿತ್ತಲ್ಲ."

ಕಾಜದ ದಾರ ಸಿಕ್ಕಾಗಿತ್ತು, ಬಿಡಿಸಿ ಕೊಟ್ಟೆ.

ಜೂನ್ 28, ಶುಕ್ರವಾರ

ಎರಡು ವಾರದ ಹಿಂದೆ ಬಾಯಿಗೆ ಹಿಟ್ಟಿನಂಥದ್ದು ತುಂಬಿ ಅಳತೆ ತೆಗೆದಿದ್ದರು. ಇವತ್ತು ಮೇಣದ ಸೆಟ್ಟು. ಗುಲಾಬಿ ಮೇಣದಲ್ಲಿ ಹಲ್ಲು ನೆಟ್ಟು ತಂದಿದ್ದರು. ಕಚ್ಚಬೇಡಿ, ಮೆಲ್ಲಗೆ ಮಾತಾಡಿ ಎಂದರು. ಇವಳನ್ನು ನನ್ನ ಎದುರಿಗೆ, ದೀಪದ ಪಕ್ಕದಲ್ಲಿ ಕೂರಿಸಿದರು.

"ಇವರು ಮನೇಲಿ ಹೆಚ್ಚಾಗಿ ಏನು ಮಾತಾಡ್ತಾರಮ್ಮ?" ಎಂದು ಡಾಕ್ಟರಮ್ಮ ಅವಳಿಗೆ ಕಾಣುವ ಹಾಗೆ ನಿಧಾನವಾಗಿ ಕೇಳಿದರು.

"ಲೆಕ್ಕ" ಎಂದಳು ಇವಳು.

ಅರವತ್ತರಿಂದ ಎಪ್ಪತ್ತರವರೆಗೆ ಎಣಿಸಿದೆ. ಇವಳು ಬಗ್ಗಿ ನೋಡಿ, "ಮೇಲಿನ ತುಟಿ ಬಿಗಿಯಾಗಿದೆ. ಇಷ್ಟು ಬಿಗಿ ಇರಲಿಲ್ಲ" ಎಂದಳು. ಡಾಕ್ಟರಮ್ಮ ಬಿಸಿ ಚಾಕುವಿನಿಂದ ಮೇಣ ಕರಗಿಸಿ ಮುಂದಿನ ಹಲ್ಲುಗಳನ್ನು ಒಂದು ಕೂದಲೆಳೆಯಷ್ಟು ಹಿಂದೆ ಸರಿಸಿದರು. ಮತ್ತೆ ಎಣಿಸಿದೆ. ಕೆಳಗಿನದು ಸ್ವಲ್ಪ ಎತ್ತರ ಎಂದಳು. ಅದನ್ನೂ ಸರಿ ಮಾಡಿದರು. ಹೀಗೆ ಮುಕ್ಕಾಲು ಗಂಟೆ. ಹೊರಗೆ ಜನ ಕಾಯುತ್ತಿದ್ದರೂ ಆ ಹೆಣ್ಣುಮಗಳು ಗಡಿಯಾರ ನೋಡಲಿಲ್ಲ.

ನನ್ನ ತುಟಿಯ ಬಗ್ಗೆ ಇವಳಿಗೆ ಗೊತ್ತಿರುವಷ್ಟು ನನಗೆ ನನ್ನ ಅಂಗಡಿಯ ಯಾವ ತಕ್ಕಡಿಯ ಬಗ್ಗೆಯೂ ಗೊತ್ತಿಲ್ಲ. ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು. ಮೇಣ ಹಿಡಿಯುತ್ತಿದೆ ಎಂದೆ.

ಜುಲೈ 12, ಶುಕ್ರವಾರ

ಹಲ್ಲು ಬಂತು. ಬಾಯಿ ತುಂಬ ಯಾರದೋ ಸಾಮಾನು ಇಟ್ಟುಕೊಂಡ ಹಾಗಿದೆ, ಜೊಲ್ಲು ನಿಲ್ಲುತ್ತಿಲ್ಲ. ಆದರೆ ಕನ್ನಡಿಯಲ್ಲಿ ತುಟಿ ಹೊರಗೆ ಬಂದಿದೆ. ಸೋಮವಾರ ಬಂದು ತೋರಿಸಿ, ಅಲ್ಲಿಯವರೆಗೆ ಏನೇ ಆದರೂ ಕೈ ಹಚ್ಚಬೇಡಿ ಎಂದರು. ಪೂರ್ತಿ ದುಡ್ಡು ಕಟ್ಟಿ ಬಂದೆ. ಇನ್ನೂರು ಉಳಿಯಿತು.

ಇವಳು ನೋಡಿ, "ಸ್ವಲ್ಪ ದಿನ ಹೋಗಲಿ. ನಾನೂ ಕಲೀಬೇಕು" ಎಂದಳು.

ಜುಲೈ 15, ಸೋಮವಾರ

ಹಾಳು ಮಾಡಿದೆ. ನನ್ನ ಕೈಯಾರೆ ಹಾಳು ಮಾಡಿದೆ.

ಶನಿವಾರದಿಂದ ಎಡಗಡೆ ಒಂದು ಕಡೆ ಒತ್ತಿ ಹುಣ್ಣಾಗಿತ್ತು. ಹೋಗಿ ತೋರಿಸಿದರೆ ಪ್ರತಿ ಸಲಕ್ಕೂ ಎಷ್ಟು ಕೀಳುತ್ತಾರೋ, ಉಳಿದಿರುವುದು ಇನ್ನೂರು. ಒತ್ತುವ ಜಾಗ ಕಂಡುಹಿಡಿದು ಉಜ್ಜುವುದು ನನಗೆ ಹೊಸದೇ? ಈ ಬೆರಳುಗಳು ಚಿನ್ನದಂಗಡಿಯ ತಕ್ಕಡಿಯನ್ನು ಕೂದಲೆಳೆಗೆ ತಂದು ನಿಲ್ಲಿಸಿವೆ. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಹುಣ್ಣಿಗೆ ಶಾಯಿ ಹಚ್ಚಿ, ಸೆಟ್ಟು ಕೂರಿಸಿ, ತೆಗೆದೆ. ಗುರುತು ಬಿತ್ತು. ನಯವಾದ ಅರದಿಂದ ಅಲ್ಲಿ ಉಜ್ಜಿದೆ. ನೋವು ಹೋಯಿತು. ಬಲಗಡೆ ಎತ್ತರವಾದ ಹಾಗೆ ಅನಿಸಿತು, ಅಲ್ಲೂ ಉಜ್ಜಿದೆ. ಈಗ ಎಡಗಡೆ ತೂಗಿತು. ಮತ್ತೆ ಎಡ, ಮತ್ತೆ ಬಲ. ಸಮ ಮಾಡದೆ ಬಿಡುವ ಅಭ್ಯಾಸವೇ ಇಲ್ಲವಲ್ಲ ನನಗೆ. ತಕ್ಕಡಿಯಾದರೆ ಉಜ್ಜಿದ್ದು ಹೆಚ್ಚಾದರೆ ಸೀಸದ ಚೂರು ಅಂಟಿಸಿ ತುಂಬಬಹುದು. ಇಲ್ಲಿ ಹೋದದ್ದು ಹೋಯಿತು.

ಮಧ್ಯಾಹ್ನ ಊಟಕ್ಕೆ ಬಂದಾಗ ಇವಳು ಬೆಳಕಿಗೆ ಮುಖ ತಿರುಗಿಸಲು ಹೇಳಿ, "ಈಗ ಏನಾದ್ರೂ ಹೇಳಿ" ಎಂದಳು. ಬಾಯಿ ತೆರೆದೆ. ಮೇಲಿನ ಸೆಟ್ಟು ಕಳಚಿ ಕೆಳಗಿನದರ ಮೇಲೆ ಟಕ್ ಎಂದು ಬಿತ್ತು. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಜುಲೈ 16, ಮಂಗಳವಾರ

ಡಾಕ್ಟರಮ್ಮ ಸೆಟ್ಟನ್ನು ಮಗುಚಿ ಅರದ ಗೆರೆಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

"ನಿನ್ನೆ ಯಾಕೆ ಬರಲಿಲ್ಲ?"

"ಪ್ರತಿ ಸಲ ದುಡ್ಡು ಕೊಡಬೇಕಲ್ಲ ಅಂತ."

ಅವರು ಅಂದಾಜು ಪಟ್ಟಿಯ ಪ್ರತಿ ತೆಗೆದು ಇಪ್ಪತ್ತನಾಲ್ಕು ಸಾವಿರದ ಸಾಲಿನ ಕೆಳಗೆ ಬೆರಳಿಟ್ಟರು. ಮೂರು ತಿಂಗಳವರೆಗೆ ಎಷ್ಟು ಸಲ ಬಂದರೂ ಒತ್ತುವ ಜಾಗ ಸರಿಪಡಿಸುವುದು ಈ ಮೊತ್ತದಲ್ಲೇ ಸೇರಿದೆ ಎಂದು ಅಚ್ಚಾಗಿತ್ತು. ಮಾರ್ಚ್‌ನಿಂದ ಆ ಹಾಳೆ ನನ್ನ ಜೇಬಿನಲ್ಲೇ ಇದೆ. ನೂರು ಸಲ ತೆಗೆದು ನೋಡಿದ್ದೇನೆ, ಬಲಗಡೆಯ ಅಂಕಿಗಳನ್ನು ಮಾತ್ರ. ಆಗಲೇ ಕೊಟ್ಟಿದ್ದ ದುಡ್ಡನ್ನು ಮತ್ತೆ ಉಳಿಸಲು ಹೋಗಿ ಹೀಗಾಯಿತು.

ಒಳಗಿನ ಪದರವನ್ನು ಪೂರ್ತಿ ಹೊಸದಾಗಿ ಹಾಕಿಸಬೇಕು. ಇದು ಪಟ್ಟಿಯಲ್ಲಿ ಸೇರುವುದಿಲ್ಲ, ಆರೂವರೆ ಸಾವಿರ ಎಂದರು. "ಬಿಡಿಸಿ ಹೇಳಲಾ?" ಎಂದೂ ಕೇಳಿದರು.

"ಬೇಡಮ್ಮ" ಎಂದೆ.

ಅಂಗಡಿಯ ಷಟರ್ ಬದಲಿಸಲು ಇಟ್ಟಿದ್ದ ದುಡ್ಡಿತ್ತು, ಅದನ್ನು ಕೊಟ್ಟೆ. ಷಟರ್ ಇನ್ನೊಂದು ವರ್ಷ ಕಿರುಗುಟ್ಟಲಿ. ಮನೆಗೆ ಬಂದು ಇವಳಿಗೆ ನಡೆದದ್ದನ್ನೆಲ್ಲ ಬರೆದು ತೋರಿಸಿದೆ. ಎರಡು ಹಾಳೆ ಆಯಿತು. ಅವಳು ನಿಧಾನವಾಗಿ ಓದಿ, "ಇದರಲ್ಲಿ ನೀವಿದ್ದೀರಿ" ಎಂದಳು.

ಜುಲೈ 24, ಬುಧವಾರ

ಸೆಟ್ಟು ಮತ್ತೆ ಬಾಯಲ್ಲಿದೆ. ಬೀಳುವುದಿಲ್ಲ. ಅರವನ್ನು ಅಂಗಡಿಯ ಕಪಾಟಿನ ಮೇಲ್ಗಡೆಗೆ ಹಾಕಿದ್ದೇನೆ. ಬಲಗಡೆ ಒತ್ತುತ್ತಿದೆ, ನಾಳೆ ಹೋಗುತ್ತೇನೆ.

ಆಗಸ್ಟ್ 4, ಭಾನುವಾರ

ಹಲ್ಲು ಬಂದ ಕೂಡಲೇ ಎಲ್ಲ ಮೊದಲಿನಂತೆ ಆಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಇದು ಹಳೆಯ ಬಾಯಲ್ಲ, ಅದರ ಹತ್ತಿರದ ಇನ್ನೊಂದು ಬಾಯಿ. ದಿನವೂ ಬೆಳಿಗ್ಗೆ ಕಿಟಕಿಯ ಎದುರು ಒಂದು ಗಂಟೆ ಕೂರುತ್ತೇವೆ. ನಾನು ಪೇಪರ್ ಓದುತ್ತೇನೆ, ಅವಳು ನೋಡಿ ತಿರುಗಿ ಹೇಳುತ್ತಾಳೆ. ಮೊದಲ ದಿನ ಹತ್ತರಲ್ಲಿ ಎರಡು ಮಾತು. ಇವತ್ತು ನಾಲ್ಕೋ ಐದೋ. ಸುಸ್ತಾದರೆ ಅವಳ ಕಣ್ಣಲ್ಲಿ ನೀರು ಬರುತ್ತದೆ, ನೋಡಿ ನೋಡಿ ಬರುವ ನೀರು ಎನ್ನುತ್ತಾಳೆ.

ಅಂಗಡಿ ಹತ್ತೂವರೆಗೆ ತೆರೆಯುತ್ತೇನೆ ಎಂದು ಬೋರ್ಡು ಹಾಕಿದೆ. ಬೀಗದವನು, "ಏನು, ದೊಡ್ಡ ಸಾಹೇಬ್ರಾದ್ರಿ" ಎಂದ.

ಆಗಸ್ಟ್ 18, ಭಾನುವಾರ

ಹಿತ್ತಲಲ್ಲಿ ಕೂತು ಒಂದು ಹಳೆಯ ತಕ್ಕಡಿಯ ತಿರುಪು ಬಿಚ್ಚುತ್ತಿದ್ದೆ. ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅದರ ಅಪ್ಪ ಅಮ್ಮನನ್ನು ಹಿಡಿದು ಬೈದೆ. ಕಿಟಕಿಯಿಂದ ಇವಳು ಬಿದ್ದು ಬಿದ್ದು ನಗುವುದು ಕೇಳಿಸಿತು.

"ಅಷ್ಟೂ ತಿಳೀತು" ಎಂದಳು. "ಒಂದೂ ಬಿಡದೆ ತಿಳೀತು. ಆ ತಿರುಪಿನ ತಾಯಿ ಏನ್ ಪಾಪ ಮಾಡಿದ್ಲು?"

ಐದು ತಿಂಗಳಾಗಿತ್ತು ನನ್ನ ಮಾತಿಗೆ ಅವಳು ನಕ್ಕು. ಇಡೀ ಬೀದಿಗೆ ಕೇಳಿರಬೇಕು. ಕೇಳಲಿ.

ಆಗಸ್ಟ್ 25, ಭಾನುವಾರ

ಬೆಳಿಗ್ಗೆ ಪೇಪರ್ ತೆರೆದರೆ ಅದನ್ನು ಮಡಿಸಿಟ್ಟಳು. "ಇವತ್ತು ಓದೋದು ಬೇಡ. ಒಂದು ಕೇಳ್ತೀನಿ, ಹೇಳಿ" ಎಂದಳು.

ಹೇಳು ಎಂದೆ.

"ಕೂಸಿನ ದನಿ ಹ್ಯಾಗಿದೆ?"

ಅರ್ಥವಾಗಲಿಲ್ಲ.

"ಅವಳು ಹುಟ್ಟೋ ಹೊತ್ತಿಗೆ ಮಷಿನ್ನಲ್ಲಿ ಬರೀ ಗದ್ದಲ. ಅವಳು ಮಾತು ಕಲಿಯೋ ಹೊತ್ತಿಗೆ ಅದೂ ಇಲ್ಲ. ಅಜ್ಜೀ ಅಂತಾಳೆ, ಅದು ಗೊತ್ತಾಗುತ್ತೆ. ದನಿ ಹ್ಯಾಗಿದೆ ಅಂತ ಗೊತ್ತಿಲ್ಲ. ಕೇಳಿಸ್ತಿಲ್ಲ ಅಂತ ಯಾರಿಗೂ ಹೇಳದೆ ಯಾರನ್ನ ಕೇಳಲಿ? ಮಗಳನ್ನ ಕೇಳಿದ್ರೆ ಅತ್ಬಿಡ್ತಾಳೆ. ನೀವು ಸರಿಯಾಗಿ ಹೇಳ್ತೀರಿ."

ನನಗೆ ಹೇಳಲು ಬರಲಿಲ್ಲ. ಎರಡೂವರೆ ವರ್ಷದಿಂದ ಕೇಳುತ್ತಿದ್ದೇನೆ, ದನಿಯನ್ನು ಒಂದು ದಿನವೂ ಗಮನವಿಟ್ಟು ಕೇಳಿಲ್ಲ. ಚೆನ್ನಾಗಿದೆ ಎಂದು ತೇಲಿಸಿಬಿಡಬಹುದಿತ್ತು. ಒಂದು ದಿನ ಸಮಯ ಕೊಡು ಎಂದೆ. ಆಗಲಿ ಎಂದಳು.

ಆಗಸ್ಟ್ 26, ಸೋಮವಾರ

ಬೆಳಿಗ್ಗೆಯೇ ಮಗಳಿಗೆ ಫೋನು ಮಾಡಿ ಕೂಸಿನ ಕೈಗೆ ಕೊಡು ಎಂದೆ. ಏನಾಯಿತಪ್ಪಾ ಎಂದು ಗಾಬರಿಯಾದಳು. ಏನಿಲ್ಲ, ಅವಳು ಮಾತಾಡಲಿ, ನಾನು ಕೇಳಬೇಕು ಎಂದೆ. ಕಣ್ಣು ಮುಚ್ಚಿಕೊಂಡು ಹತ್ತು ನಿಮಿಷ ಕೇಳಿದೆ. ಬೆಕ್ಕಿನ ವಿಷಯ, ಚಪ್ಪಲಿಯ ವಿಷಯ, ಅಜ್ಜನ ಹಲ್ಲಿನ ವಿಷಯ. 

ಆಮೇಲೆ ಕಿಟಕಿಯ ಎದುರು ಕೂತೆ. ಮುಖವನ್ನು ಬೆಳಕಿಗೆ ತಿರುಗಿಸಿಕೊಂಡು ಒಂದೊಂದೇ ಮಾತು ಹೇಳಿದೆ.

ತೆಳ್ಳನೆಯ ದನಿಯಲ್ಲ, ಸ್ವಲ್ಪ ದಪ್ಪ. ನೆಗಡಿಯಾದವರ ಹಾಗೆ ಮೂಗಿನಲ್ಲಿ ಶುರುವಾಗಿ ಆಮೇಲೆ ಬಾಯಿಗೆ ಬರುತ್ತದೆ. ಅಜ್ಜೀ ಎನ್ನುವಾಗ ಕೊನೆಯನ್ನು ಎತ್ತಿ ಎಳೆಯುತ್ತಾಳೆ, ನೀನು ಮನೆಯಲ್ಲಿದ್ದೀಯೋ ಇಲ್ಲವೋ ಎಂದು ಕೇಳುವ ಹಾಗೆ. ಸುಳ್ಳು ಹೇಳುವಾಗ ದನಿ ಇಳಿಯುತ್ತದೆ. ನಗುವಾಗ ಮೊದಲು ಬರೀ ಉಸಿರು ಬರುತ್ತದೆ, ಈಗ ನಗು ಬಂತು ಎಂದು ನಾವು ಕಾಯಬೇಕು, ಆಮೇಲೆ ಒಮ್ಮೆಗೇ ಶಬ್ದ ಬರುತ್ತದೆ, ಒಡೆದ ಹಾಗೆ.

ಇವಳು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಒಂದು ಸಲವೂ ಮತ್ತೆ ಹೇಳಿ ಎನ್ನಲಿಲ್ಲ.

"ದಪ್ಪ ದನಿ" ಎಂದಳು. "ನಾನು ತೆಳ್ಳಗಿರುತ್ತೆ ಅಂದ್ಕೊಂಡಿದ್ದೆ."

ಹೇಳುವುದು ಇನ್ನೂ ಇತ್ತು. ಆದರೆ ಅವಳು ಕಣ್ಣು ಮುಚ್ಚಿಕೊಂಡಳು. ಕೈಯಲ್ಲಿದ್ದ ಅಂಗಿ ಮಡಿಲ ಮೇಲೆ ಹಾಗೇ ಇತ್ತು, ಅಜ್ಜೀ ಎನ್ನುವ ಹಾಗೆ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ನಾನು ಮಾತು ನಿಲ್ಲಿಸಿ, ಅವಳು ಕಣ್ಣು ತೆರೆಯುವವರೆಗೆ ಕಾದೆ.